ಪದ ಬೇಕು (ತುರ್ತು): ಬೀಟಲ್‌ಗೆ ‘ದುಂಬಿ’ ಅನ್ನೋಣವೋ, ‘ಜೀರುಂಡೆ’ ಅನ್ನೋಣವೋ?

ಚಿತ್ರದುರ್ಗ, ಶುಕ್ರವಾರ ಬೆಳಗ್ಗೆ 7.10

ಎಲ್ಲರಿಗೂ ನಮಸ್ಕಾರ.

ಗಟ್ಟಿ ಮೇಲ್ರೆಕ್ಕೆಯ ಹುಳಗಳ ಗುಂಪಿಗೆ ಇಂಗ್ಲಿಷಿನಲ್ಲಿ ಬೀಟಲ್ ಅನ್ನುತ್ತಾರಲ್ಲ, ಅದಕ್ಕೆ ನಾಳೆ ಮಧ್ಯಾಹ್ನದೊಳಗೆ ಒಂದು ಕನ್ನಡ ಪದ ತೀರ್ಮಾನ ಆಗಬೇಕು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು. ಈ ಮುಂಗಾರಿನಲ್ಲಿ ನಾಲ್ಕು ಭಾನುವಾರ ಮಕ್ಕಳನ್ನು ಜೋಗಿಮಟ್ಟಿ ತಪ್ಪಲಿಗೆ ಕರೆದುಕೊಂಡು ಹೋಗಿದ್ದೆ. ಹುಳ ಹಿಡಿಯುವ ಹಾಗಿಲ್ಲ, ಕಲ್ಲು ಮಗುಚಿದರೆ ಮೊದಲಿದ್ದಂತೆ ಇಟ್ಟು ಬರಬೇಕು. ನೋಡುವುದು, ಫೋಟೊ ತೆಗೆಯುವುದು, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು, ಅಷ್ಟೆ. ಅದನ್ನೆಲ್ಲ ಸೇರಿಸಿ ಶಾಲೆಯ ಕಾಂಪೌಂಡ್ ಗೋಡೆ ಮೇಲೆ ಎಂಟಡಿ ಉದ್ದದ ಬೋರ್ಡ್ ಬರೆಸುತ್ತಿದ್ದೇವೆ. ಪೇಂಟರ್ ಚಿತ್ರಗಳನ್ನು ಮುಗಿಸಿದ್ದಾರೆ, ತಲೆಬರಹ ಮಾತ್ರ ಖಾಲಿ ಇದೆ.

‘ನಮ್ಮ ಕಾಡಿನ ದುಂಬಿಗಳು’ ಅಂತ ಬರೆದುಕೊಟ್ಟಿದ್ದೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಗೋಡೆ ಹತ್ತಿರ ನಿಂತು, “ಸಾರ್, ಇವೆಲ್ಲ ದುಂಬಿ ಆದ್ರೆ ನಮ್ಮನೆ ತೊಲೆ ಕೊರೆಯೋದು ಏನು?” ಅಂದಳು. ಅವಳು ಹೇಳಿದ್ದು ಗುಂಯ್‌ಗುಡುತ್ತ ಬರುವ ಕರಿ ದುಂಬಿಯನ್ನು. ಅದು ಜೇನಿನ ಬಳಗದ್ದು, ಬೀಟಲ್ ಅಲ್ಲ. ಅವಳ ಪ್ರಶ್ನೆ ನ್ಯಾಯವಾದದ್ದು, ನನಗೆ ಉತ್ತರ ಹೊಳೆಯಲಿಲ್ಲ.

ಜೊತೆಗೆ ಇನ್ನೆರಡು. ಒಂದು, ಬೋರ್ಡಿನ ನಡುವೆ ಇರುವ ಹುಳ: ಆಂಥಿಯಾ ಸೆಕ್ಸ್‌ಗುಟ್ಟಾಟಾ. ಹೆಬ್ಬೆರಳಿಗಿಂತ ತುಸು ಸಣ್ಣದು, ಇದ್ದಿಲಿನಂಥ ಕಪ್ಪು, ಎದೆಯ ಮೇಲೆ ಎರಡು, ಬೆನ್ನಿನ ಮೇಲೆ ನಾಲ್ಕು ಬಿಳಿ ಚುಕ್ಕೆ. ಹಾರಲ್ಲ, ಕಲ್ಲಿನ ಸಂದಿಯಿಂದ ಸಂದಿಗೆ ಓಡುತ್ತದೆ. ಮಿಡತೆ, ಹುಳುಹುಪ್ಪಟೆ ಬೇಟೆಯಾಡಿ ತಿನ್ನುತ್ತದೆ. ಕೆಣಕಿದರೆ ಉರಿ ತರಿಸುವ ದ್ರವ ಚಿಮ್ಮಿಸುತ್ತದೆ, ಕಣ್ಣಿಗೆ ಬಿದ್ದರೆ ಕಷ್ಟ. ಅದಕ್ಕೇ ಮಕ್ಕಳಿಗೆ ನೆನಪಿರುವ ಹೆಸರು ಬೇಕು. ಎರಡು, ‘ಯಾವ ಜಾತಿ’ ಅನ್ನಬೇಕೋ ‘ಯಾವ ಪ್ರಭೇದ’ ಅನ್ನಬೇಕೋ?

—

ದಾವಣಗೆರೆ, 7.52

ದುಂಬಿ ಅಂತಲೇ ಬರೆಯಿರಿ. ರೈತರ ಕರಪತ್ರಗಳಲ್ಲೆಲ್ಲ ಹುಳು ಅಂದರೆ ಮರಿ, ದುಂಬಿ ಅಂದರೆ ರೆಕ್ಕೆ ಬಂದದ್ದು. ಶೇಂಗಾ ಬೇರು ತಿನ್ನುವುದು ಗೊಣ್ಣೆಹುಳು, ಮೊದಲ ಮಳೆ ಬಿದ್ದ ಸಂಜೆ ಬೇವಿನ ಮರಕ್ಕೆ ಮುತ್ತುವುದು ಅದರ ದುಂಬಿ. ತೆಂಗಿನ ಸುಳಿ ಕೊರೆಯುವುದೂ ದುಂಬಿಯೇ. ಹೊಲದವರು ತೀರ್ಮಾನಿಸಿದ ಪದವನ್ನು ನಾವು ಮತ್ತೆ ತೀರ್ಮಾನಿಸುವ ಅಗತ್ಯವಿಲ್ಲ.

—

ಹರಿಹರ (ಹುಟ್ಟಿದ್ದು ಹೊಸನಗರ), 8.20

ದುಂಬಿ ಬೇಕಾದರೆ ಇಟ್ಟುಕೊಳ್ಳಿ, ಜೀರುಂಡೆ ಅಂತೂ ಬೇಡ. ನಮ್ಮ ಮಲೆನಾಡಿನಲ್ಲಿ ಜೀರುಂಡೆ ಅಂದರೆ ಮರದ ಬೊಡ್ಡೆಗೆ ಅಂಟಿಕೊಂಡು ಕಾಡು ಕಿವುಡಾಗುವ ಹಾಗೆ ಕೂಗುವುದು. ಅದರ ಬಾಯಿ ಸೂಜಿ, ಗಿಡದ ರಸ ಹೀರುತ್ತದೆ, ತಿಗಣೆ ಕಡೆಯ ನೆಂಟ. ಬೀಟಲ್‌ಗೆ ಕಚ್ಚಿ ಅಗಿಯುವ ದವಡೆ ಇದೆ. ಎರಡನ್ನೂ ಒಂದೇ ಹೆಸರಿನಲ್ಲಿ ಕರೆದರೆ ಮಕ್ಕಳಿಗೆ ತಪ್ಪು ಕಲಿಸಿದಂತೆ.

—

ಬೆಂಗಳೂರು, 8.41

ದುಂಬಿ ಎಂದರೆ ಜೇನಿನ ಬಳಗದ್ದು. ಇದರಲ್ಲಿ ಚರ್ಚೆಯೇ ಇಲ್ಲ.

ಮೂಲರೂಪ ತುಂಬಿ. ತಮಿಳಿನಲ್ಲಿ ಇಂದಿಗೂ ತಕಾರವೇ. ಮಱಿ, ತುಂಬಿ ಸೇರಿದಾಗ ಆದೇಶವಾಗಿ ಮಱಿದುಂಬಿ. ಪಂಪ ಬನವಾಸಿಯ ನಂದನದಲ್ಲಿ ಹುಟ್ಟಬೇಕು ಎಂದದ್ದು ಈ ಮಱಿದುಂಬಿಯಾಗಿ. ಸಮಾಸದಲ್ಲಿ ಬಂದ ದಕಾರವನ್ನೇ ಪದದ ಮೊದಲಕ್ಷರವೆಂದುಕೊಂಡು ಜನ ಒಡೆದು ತೆಗೆದ ರೂಪ ದುಂಬಿ ಎಂಬುದು ನನ್ನ ಬಲವಾದ ನಂಬಿಕೆ. ರೂಪ ಹೇಗೇ ಬದಲಾಗಲಿ, ಅರ್ಥ ಬದಲಾಗಿಲ್ಲ. ಹೂವಿಗೆ ಎರಗುವುದಕ್ಕೆ ಸಾವಿರ ವರ್ಷದಿಂದ ಇದ್ದ ಹೆಸರನ್ನು ಸಗಣಿ ಉರುಳಿಸುವುದಕ್ಕೆ ಹಚ್ಚಬೇಡಿ.

—

ಹರಿಹರ, 8.55

ತಮಿಳಿನ ತುಂಬಿ ಇಂದು ನಮ್ಮ ಏರೋಪ್ಲೇನ್ ಚಿಟ್ಟೆ. ಅಲ್ಲಿ ಅರ್ಥ ಬದಲಾಯಿತು, ಇಲ್ಲಿ ಬದಲಾಗಬಾರದೇ? ಪಂಪ ಹುಳ ಗುರುತು ಹಿಡಿಯುವ ಕೈಪಿಡಿ ಬರೆದಿಲ್ಲ.

—

ಚಳ್ಳಕೆರೆ, 9.30

ಮೇಷ್ಟ್ರೆ, ಬೋರ್ಡಲ್ಲಿ ಜೀರ್ಜಿಂಬೆ ಐತೋ ಇಲ್ವೋ, ಅದನ್ನ ಮೊದ್ಲು ಹೇಳಿ.

ನಮ್ಮ ಕಡೆ ಯಾರನ್ನ ಕೇಳಿದ್ರೂ ಇದೊಂದು ಗೊತ್ತು. ಮಳೆಗಾಲದಾಗೆ ಜಾಲಿ ಗಿಡದಾಗೆ ಕೂತಿರ್ತವೆ. ಬೆಳಗ್ಗೆ ಬಿಸಿಲೇರೋ ಮೊದ್ಲು ಕೊಂಬೆ ಅಲ್ಲಾಡಿಸಿದ್ರೆ ಸತ್ತೋರ ಹಂಗೆ ಕಾಲು ಮುದುರ್ಕೊಂಡು ಪಟಪಟ ಬೀಳ್ತವೆ. ಬೆಂಕಿಪೊಟ್ಟಣದಾಗೆ ಜಾಲಿ ಸೊಪ್ಪು ಹಾಕಿ ಸಾಕ್ತಿದ್ವಿ. ಎರಡು ದಿನಕ್ಕೆ ಪೊಟ್ಟಣದಾಗೆ ಅಕ್ಕಿಕಾಳಿನಂಥ ಮೊಟ್ಟೆ. ಕುತ್ತಿಗೆಗೆ ದಾರ ಕಟ್ಟಿ ಬಿಟ್ರೆ ಗಿರ್ರಂತ ತಲೆ ಸುತ್ತ ಹಾರದು. ನನ್ನ ತಂಗಿ ಸತ್ತ ಜೀರ್ಜಿಂಬೆ ರೆಕ್ಕೆ ಹಣೆಗೆ ಅಂಟಿಸ್ಕೊಳ್ತಿದ್ಳು. ಆ ಹಸಿರು ವರ್ಷವಾದ್ರೂ ಮಾಸ್ತಿರಲಿಲ್ಲ.

ಮೊಳಕಾಲ್ಮೂರು ಗಡಿಯಾಗೆ ತೆಲುಗು ಮನೆಮಾತಿನೋರು ಇದನ್ನೇ ಜೀರಂಗಿ ಅಂತಾರೆ. ತಲೆಬರಹಕ್ಕೆ ಇದನ್ನೇ ಹಾಕಿ, ಎಲ್ಲ ಬೀಟಲ್ಲೂ ಜೀರ್ಜಿಂಬೆ ಜಾತಿ ಅನ್ನಿ.

—

ಬೆಂಗಳೂರು, 9.44

ಜೀರ್, ದುಂಬಿ ಸೇರಿ ಜೀರ್ದುಂಬಿ, ಅದು ಮಕ್ಕಳ ಬಾಯಲ್ಲಿ ಜೀರ್ಜಿಂಬೆ. ಜಕಾರ ಮುಂದಿನ ದಕಾರವನ್ನು ತನ್ನಂತೆ ಮಾಡಿಕೊಂಡಿದೆ. ಸದ್ದು ಮಾಡುವ ದುಂಬಿ ಎಂದೇ ಅರ್ಥ. ನನ್ನ ಮಾತಿಗೆ ಇದು ಪುಷ್ಟಿ. ಬರಿಯ ದುಂಬಿ ಜೇನಿನದು ಆದ್ದರಿಂದಲೇ ಇದಕ್ಕೆ ‘ಜೀರ್’ ಹಚ್ಚಬೇಕಾಯಿತು.

—

ಮೈಸೂರು, 10.15

ಶಾಸ್ತ್ರಕ್ಕೆ ಶಾಸ್ತ್ರದ ಮಾತು ಬೇಕು. ಬೀಟಲ್‌ಗಳ ಗುಂಪಿಗೆ ಶಾಸ್ತ್ರದಲ್ಲಿರುವ ಕೋಲಿಯಾಪ್ಟೆರಾ ಎಂಬ ಗ್ರೀಕ್ ಹೆಸರಿಗೆ ಹಿಂದಿಯಲ್ಲಿ ಕಂಚುಕಪಕ್ಷ ಎಂಬ ಸಂಸ್ಕೃತ ಪದ ಇದೆ. ಕುಪ್ಪಸ ತೊಟ್ಟ ರೆಕ್ಕೆಯದು ಎಂಬ ಅರ್ಥ. ಅದನ್ನೇ ತೆಗೆದುಕೊಳ್ಳಿ. ಬೆಂಕಿಪೊಟ್ಟಣದ ಮಾತನ್ನು ಶಾಲೆಯ ಗೋಡೆಗೆ ತರಬೇಡಿ.

—

ಚಳ್ಳಕೆರೆ, 10.22

ಕಂಚುಕಪಕ್ಷ ಅಂದ್ರೆ ನಮ್ಮೂರಾಗೆ ಎಲೆಕ್ಷನ್ನಿಗೆ ನಿಂತ ಪಕ್ಷ ಯಾವುದು ಅಂತ ಕೇಳ್ತಾರೆ. ಬೆಂಕಿಪೊಟ್ಟಣದಾಗೆ ಇಟ್ಟು ನೋಡಿದ ಮಕ್ಕಳಿಗೆ ಆ ಹುಳದ ಮೊಟ್ಟೆ, ಮೇವು, ಕಾಲ ಎಲ್ಲಾ ಗೊತ್ತು. ಆ ಮಾತಿಗೆ ಶಾಲೆಯಾಗೆ ಜಾಗ ಇಲ್ಲ ಅಂದ್ರೆ ನಂಗೆ ಬೇಜಾರು.

—

ದಾವಣಗೆರೆ, 10.40

ಇಷ್ಟೆಲ್ಲ ಯಾಕೆ? ‘ಬೀಟಲ್’ ಅಂತ ಕನ್ನಡ ಲಿಪಿಯಲ್ಲಿ ಬರೆದುಬಿಡಿ. ಬಸ್ಸು, ಪೆನ್ನು, ಬೆಂಚು ಎಲ್ಲ ಹಾಗೆಯೇ ಬಂದದ್ದು. ಬೆಳಗ್ಗೆ ದುಂಬಿ ಅಂದವನೂ ನಾನೇ, ಆದರೆ ಈ ಜಗಳದಲ್ಲಿ ಮಕ್ಕಳ ಬೋರ್ಡ್ ನಿಂತುಹೋಗಬಾರದು.

—

ಚನ್ನಗಿರಿ, 11.05

ಬೀಟಲ್ ಅಂತ ಮಾತ್ರ ಬರೆಯಬೇಡಿ. ಅಡಿಕೆ ಸೀಮೆಯವನು ಹೇಳುತ್ತಿದ್ದೇನೆ. ಇಂಗ್ಲಿಷಿನಲ್ಲಿ ಎಲೆ ಅಡಿಕೆಯ ಬೀಟಲ್ ಬೇರೆ, ಹುಳದ ಬೀಟಲ್ ಬೇರೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ನಮ್ಮ ತೋಟದಲ್ಲಿ ಎರಡೂ ಇವೆ. ಅಡಿಕೆ ಮರದ ಬೇರು ಕಡಿಯುವ ಬೇರುಹುಳು ಬೆಳೆದು ಆಗುವುದು ಬೀಟಲ್ಲೇ. ‘ಬೀಟಲ್ ನಟ್‌ಗೆ ಬೀಟಲ್ ಬಿದ್ದಿದೆ’ ಅಂದರೆ ಯಾರಿಗೆ ತಿಳಿಯುತ್ತದೆ?

ಇನ್ನೊಂದು ಮಾತು. ಎಲೆಯ ಬೀಟಲ್ ನಮ್ಮ ಕಡೆಯಿಂದಲೇ ಹೋದದ್ದು. ಮಲಯಾಳಂನ ವೆಟ್ಟಿಲ ಪೋರ್ಚುಗೀಸರ ಬಾಯಿಗೆ ಬಿದ್ದು ಇಂಗ್ಲಿಷಿಗೆ ಸೇರಿತು. ಹುಳದ ಬೀಟಲ್ ಅವರ ಸ್ವಂತದ್ದು, ಕಚ್ಚು ಎಂಬ ಧಾತುವಿನಿಂದ ಬಂದದ್ದು. ಅಂದರೆ ಅವರೂ ಕಚ್ಚುವುದನ್ನು ಕಂಡು ‘ಕಚ್ಚುವ ಹುಳ’ ಅಂದರು. ನಮ್ಮ ಕಾಂಡಕೊರಕ, ಮೂತಿಹುಳು, ಸಗಣಿಹುಳ ಹುಟ್ಟಿದ್ದೂ ಹಾಗೆ. ಗುಲಗಂಜಿ ಹುಳ ಕೆಂಪು ಕಪ್ಪು ಗುಲಗಂಜಿಯನ್ನು ನೋಡಿ ಇಟ್ಟದ್ದು. ಕನ್ನಡದವರು ಒಂದೊಂದು ಹುಳಕ್ಕೂ ಅದರ ಕೆಲಸ, ರೂಪ ನೋಡಿ ಹೆಸರಿಟ್ಟಿದ್ದಾರೆ. ಒಟ್ಟು ಗುಂಪಿಗೆ ಇಡಲಿಲ್ಲ, ಏಕೆಂದರೆ ಅವರಿಗೆ ಗುಂಪು ಬೇಕಿರಲಿಲ್ಲ. ಮಿಣುಕುಹುಳವೂ ಬೀಟಲ್, ಅಕ್ಕಿಯೊಳಗಿನ ಸೊಂಡಿಲ ಹುಳವೂ ಬೀಟಲ್. ಅವನ್ನು ಒಂದೇ ಮನೆಯವು ಅನ್ನುವುದು ವಿಜ್ಞಾನದ ಕಣ್ಣು.

ನಿಮ್ಮ ಆರು ಚುಕ್ಕೆಯದಕ್ಕೆ ‘ಪಗಡೆ ಹುಳ’ ಅನ್ನಿ. ದಾಳದ ಚುಕ್ಕೆ ಕಂಡ ಮಗು ಮರೆಯುವುದಿಲ್ಲ.

—

ಬೆಂಗಳೂರು, 11.30

ಪಗಡೆ ಹುಳ ಒಪ್ಪಿದೆ. ಮೈಸೂರಿನವರಿಗೆ ಒಂದು ಮಾತು. ಗ್ರೀಕಿನ ಕೋಲಿಯೋಸ್ ಎಂದರೆ ಕುಪ್ಪಸ ಅಲ್ಲ, ಕತ್ತಿಯ ಒರೆ. ಅಚ್ಚ ಕನ್ನಡದಲ್ಲೇ ಪದ ಇರುವಾಗ ಕಂಚುಕವನ್ನು ಹೊದಿಸುವುದೇಕೆ? ಮುಂದಿನ ಜೋಡಿ ರೆಕ್ಕೆ ಗಟ್ಟಿ, ಹಾರುವುದಕ್ಕಲ್ಲ, ಹಿಂದಿನ ತೆಳು ರೆಕ್ಕೆಯನ್ನು ಮಡಿಸಿ ಮುಚ್ಚಿಡುವುದಕ್ಕೆ. ಅದು ಒರೆಯೇ. ‘ಒರೆರೆಕ್ಕೆ ಹುಳ’ ಎಂದು ಬರೆಯಿರಿ. ಪಾಳೆಯಗಾರರ ಕೋಟೆಯ ಊರಿನಲ್ಲಿ ಒರೆ ಅಂದರೆ ತಿಳಿಯದವರಿಲ್ಲ.

ಒರೆಗಲ್ಲಿನ ಒರೆ ಎಂದು ಯಾರೂ ತಕರಾರು ತೆಗೆಯಬೇಡಿ. ಕತ್ತಿಯದು ಶಕಟರೇಫ, ಅಂದರೆ ಹಳಗನ್ನಡದ ಱ: ಒಱೆ. ಉಜ್ಜುವುದು ಸಾಮಾನ್ಯ ರೇಫ. ಱ ಬಿಟ್ಟದ್ದರಿಂದ ಎರಡೂ ಒಂದಾದವು, ತಪ್ಪು ನಮ್ಮದು.

—

ದಾವಣಗೆರೆ, 11.38

ಒರೆರೆಕ್ಕೆ ನಾಲಿಗೆ ಮೇಲೆ ಹೊರಳಲ್ಲ. ಮೂರು ಸಲ ಹೇಳಿ ನೋಡಿ.

—

ಚಿತ್ರದುರ್ಗ, ಮಧ್ಯಾಹ್ನ 2.20

ಎಲ್ಲರಿಗೂ ಕೃತಜ್ಞ. ಊಟದ ಬಿಡುವಿನಲ್ಲಿ ಮಕ್ಕಳ ಮುಂದೆ ಮೂರು ಪದ ಇಟ್ಟೆ. ಒರೆರೆಕ್ಕೆ ಅಂದಾಗ ತೊದಲಿದರು. ಆದರೆ ‘ರೆಕ್ಕೆಗೆ ಒರೆ’ ಅಂದಾಗ ಒಬ್ಬ ಹುಡುಗ ಎದ್ದು, ಎರಡು ಅಂಗೈಗಳನ್ನು ಬೆನ್ನ ಮೇಲೆ ಜೋಡಿಸಿ ತೋರಿಸಿದ. ಅವನಿಗೆ ನಾನು ಹೇಳಿಕೊಟ್ಟಿರಲಿಲ್ಲ. ಪದ ಕೆಲಸ ಮಾಡಿತು ಅನ್ನುವುದಕ್ಕೆ ನನಗೆ ಅಷ್ಟು ಸಾಕು.

ಆ ಮಾತು ವಿವರಣೆಗೆ ಇರಲಿ, ತಲೆಬರಹ ಮಾತ್ರ ‘ನಮ್ಮ ಕಾಡಿನ ದುಂಬಿಗಳು’. ಬೆಂಗಳೂರಿನವರು ಸಿಟ್ಟಾಗಬಾರದು. ಈ ಮಕ್ಕಳಲ್ಲಿ ಮುಕ್ಕಾಲು ಪಾಲು ರೈತರ ಮನೆಯವರು, ಹೊಲದಲ್ಲಿ ಕೇಳುವ ಮಾತೇ ಗೋಡೆ ಮೇಲೂ ಇರಲಿ. ಅದರ ಕೆಳಗೆ ಈ ಸಾಲುಗಳು: “ರೆಕ್ಕೆಗೆ ಒರೆ ಇರುವ ಹುಳಗಳು ಇವು. ಬೆನ್ನಿನ ನಡುವೆ ನೇರ ಗೆರೆ ಕಂಡರೆ ದುಂಬಿ. ಗೆರೆ ಓರೆಯಾಗಿ, ರೆಕ್ಕೆಯ ತುದಿ ತೆಳ್ಳಗೆ ಒಂದರ ಮೇಲೊಂದು ಕೂತಿದ್ದರೆ ತಿಗಣೆಯ ಬಳಗ. ತೊಲೆ ಕೊರೆಯುವ ಕರಿ ದುಂಬಿಗೆ ಒರೆ ಇಲ್ಲ, ನಾಲ್ಕೂ ತೆಳು ರೆಕ್ಕೆ. ಅದು ಜೇನಿನ ಬಳಗ.” ಕೊನೆಯ ವಾಕ್ಯ ಆ ಹುಡುಗಿಗಾಗಿ.

ಚಳ್ಳಕೆರೆಯವರೇ, ಜೀರ್ಜಿಂಬೆ ಇದೆ, ಒಂದಲ್ಲ ಎರಡು. ಕುತ್ತಿಗೆ ಹಸಿರು, ಬೆನ್ನು ಕಂದು ಇರುವುದು ಸ್ಟರ್ನೋಸೆರಾ ಕ್ರೈಸಿಸ್. ಮೈಯೆಲ್ಲ ಹಸಿರು, ನಡುನಡುವೆ ಗುಳಿಯಲ್ಲಿ ಬಿಳಿಚಿದ ಪುಡಿ ಇರುವುದು ಸ್ಟರ್ನೋಸೆರಾ ಸ್ಟರ್ನಿಕಾರ್ನಿಸ್. ಆ ಹಸಿರು ಬಣ್ಣ ಬಳಿದದ್ದಲ್ಲ, ಒರೆಯ ಪದರಪದರಗಳಲ್ಲಿ ಬೆಳಕು ಒಡೆದು ಬರುವುದು. ನಿಮ್ಮ ತಂಗಿಯ ಹಣೆಯ ಮೇಲೆ ಮಾಸದೆ ಇದ್ದದ್ದು ಅದಕ್ಕೇ.

ಕಪ್ಪು ಕೆಂಪು ಪಟ್ಟೆಯ ಮೈಲಾಬ್ರಿಸ್‌ಗೆ ‘ಬೊಬ್ಬೆ ದುಂಬಿ’ ಅಂತ ನಾನೇ ಇಟ್ಟೆ. ಬೆಂಡೆ, ತೊಗರಿ ಹೂವು ತಿನ್ನುತ್ತದೆ. ಹಿಡಿದರೆ ಕಾಲಿನ ಕೀಲಿನಿಂದ ಹಳದಿ ರಸ ಜಿನುಗಿ ಚರ್ಮ ಬೊಬ್ಬೆ ಏಳುತ್ತದೆ. ಆ ಚಿತ್ರದ ಪಕ್ಕ ‘ಮುಟ್ಟಬೇಡಿ’ ಅಂತ ಕೆಂಪಿನಲ್ಲಿ ಬರೆಸಿದ್ದೇನೆ.

ಉಳಿದದ್ದು ಜಾತಿ ಮತ್ತು ಪ್ರಭೇದ.

—

ಮೈಸೂರು, 2.45

ಪಠ್ಯದಲ್ಲಿ ಗಣ, ಕುಟುಂಬ, ಜಾತಿ, ಪ್ರಭೇದ ಎಂಬ ಕ್ರಮ ಇದೆ. ಆಂಥಿಯಾ ಜಾತಿ, ಸೆಕ್ಸ್‌ಗುಟ್ಟಾಟಾ ಪ್ರಭೇದ. ಇದನ್ನಾದರೂ ಕದಲಿಸಬೇಡಿ.

—

ಚನ್ನಗಿರಿ, 2.58

ಕದಲಿಸುವುದು ಬೇಡ, ಆದರೆ ಗೋಡೆ ಮೇಲೆ ‘ಇದು ಯಾವ ಜಾತಿ?’ ಅಂತ ದಪ್ಪಕ್ಷರದಲ್ಲಿ ಬರೆಯುವುದೂ ಬೇಡ. ಶಾಲೆಯಲ್ಲಿ ಆ ಪ್ರಶ್ನೆ ಕೇಳಿಸಿಕೊಂಡು ನೊಂದ ಮಕ್ಕಳು ಇದ್ದಾರೆ. ‘ಇದು ಯಾವ ದುಂಬಿ?’ ಅನ್ನಿ, ಸಾಕು.

—

ಚಿತ್ರದುರ್ಗ, 3.05

ಹಾಗೇ ಬರೆಸುತ್ತೇನೆ. ಸಗಣಿಹುಳದ ಕೆಳಗೆ ಪ್ರಭೇದದ ಹೆಸರೂ ಹಾಕುವುದಿಲ್ಲ. ಹೋಲುವ ಎರಡನ್ನು ಬೇರೆ ಮಾಡಲು ಗಂಡುಹುಳದ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ನಮ್ಮ ಹತ್ತಿರ ಇರುವುದು ಫೋಟೊ. ಸುಳ್ಳು ಹೆಸರಿಗಿಂತ ‘ಸಗಣಿಹುಳ’ ಮೇಲು.

ಒಂದೇ ಒಂದು ಸಣ್ಣ ಪ್ರಶ್ನೆ. ಪೇಂಟರ್ ಏಣಿ ಮೇಲಿದ್ದಾರೆ. ಜೀರ್ಜಿಂಬೆಗೆ ಅರ್ಕಾವೊತ್ತು ಹಾಕಲೋ, ರಕಾರ ಬಿಡಿಸಿ ‘ಜೀರ್‌ಜಿಂಬೆ’ ಅಂತ ಬರೆಯಲೋ ಅಂತ ಕೇಳುತ್ತಿದ್ದಾರೆ.

—

ಬೆಂಗಳೂರು, 3.07

ಅರ್ಕಾವೊತ್ತು.

—

ಚಳ್ಳಕೆರೆ, 3.09

ಅರ್ಕಾವೊತ್ತೇ ಹಾಕ್ಸಿ ಮೇಷ್ಟ್ರೆ. ಆದ್ರೆ ಹಸಿರು ಬಣ್ಣದಾಗೆ ಬರೆಸಿ.