240ಝಡ್‌ನ ಹಿಂದಕ್ಕೆ 16×8 ಚಕ್ರ: ಸ್ಪ್ರಿಂಗ್ ಪರ್ಚ್ ಕತ್ತರಿಸಿದವರು ಅನುಭವ ತಿಳಿಸಿ

ಫ್ರೀಮಾಂಟ್‌ನಿಂದ, ಪ್ರಶ್ನೆ ಕೇಳಿದವರು:
ನನ್ನ ಬಳಿ 1972ರ ಡಾಟ್ಸನ್ 240ಝಡ್ ಇದೆ. ಮೂಲದ 14 ಇಂಚಿನ, ನಾಲ್ಕೂವರೆ ಇಂಚು ಅಗಲದ ಉಕ್ಕಿನ ಚಕ್ರಗಳ ಬದಲಿಗೆ 16×8 ಅಳತೆಯ, ಪ್ಲಸ್ 10 ಆಫ್‌ಸೆಟ್ಟಿನ (ಹಬ್‌ಗೆ ಕೂರುವ ಮೈ ಚಕ್ರದ ನಡುಗೆರೆಯಿಂದ 10 ಮಿ.ಮೀ. ಹೊರಗಿರುವ) ಚಕ್ರಗಳನ್ನೂ 225/50 ಟೈರುಗಳನ್ನೂ ಕೊಂಡಿದ್ದೇನೆ. ಹಿಂದೆ ಕೂರಿಸಿ ನೋಡಿದರೆ ಟೈರಿನ ಒಳಮೈ ಸ್ಟ್ರಟ್ಟಿನ (ಒಳಗೆ ಡ್ಯಾಂಪರ್ ಇರುವ ಕಂಬದ) ಸ್ಪ್ರಿಂಗ್ ಪರ್ಚ್‌ಗೆ, ಅಂದರೆ ಸ್ಪ್ರಿಂಗ್ ಕೂರುವ ತಟ್ಟೆಗೆ, ತಾಗುತ್ತದೆ. ಪರ್ಚ್ ಕತ್ತರಿಸಿ ಎರಡೂವರೆ ಇಂಚು ವ್ಯಾಸದ ಸ್ಪ್ರಿಂಗಿನ ಕಾಯಿಲೋವರ್ (ಎತ್ತರ ಹೊಂದಿಸಬಹುದಾದ, ಕಿರಿದಾದ ಸ್ಪ್ರಿಂಗ್ ಜೋಡಣೆ) ಹಾಕಿಸುವುದೋ, ಹಬ್‌ಗೂ ಚಕ್ರಕ್ಕೂ ನಡುವೆ ಸ್ಪೇಸರ್ ಬಿಲ್ಲೆ ಇಟ್ಟು ಮುಗಿಸುವುದೋ ತಿಳಿಯುತ್ತಿಲ್ಲ. ನನಗೆ ವೆಲ್ಡಿಂಗ್ ಬರುವುದಿಲ್ಲ. ಮಾಡಿಸಿದವರು ಖರ್ಚಿನ ಸಮೇತ ತಿಳಿಸಿದರೆ ಉಪಕಾರವಾಗುತ್ತದೆ.

ಶಿಕಾಗೊದಿಂದ:
ಪರ್ಚ್ ಕತ್ತರಿಸುವುದು ಗ್ರೈಂಡರ್ ಹಿಡಿದವನಿಗೆ ಅರ್ಧ ಗಂಟೆಯ ಕೆಲಸ. ನನ್ನನ್ನು ಮೂರು ವಾರಾಂತ್ಯ ಕಾಡಿದ್ದು ಸ್ಪಿಂಡಲ್ ಪಿನ್. ಚಕ್ರವನ್ನು ಗಾಡಿಯ ಒಡಲಿಗೆ ಹಿಡಿದಿಡುವ ಕೆಳಗಿನ ಕಂಟ್ರೋಲ್ ಆರ್ಮ್‌ನ ಎರಡೂ ರಬ್ಬರ್ ಬುಷ್‌ಗಳನ್ನು ಮತ್ತು ಸ್ಟ್ರಟ್ಟಿನ ಬುಡವನ್ನು ಹಾದುಹೋಗುವ ಆ ಪಿನ್, ಚಳಿಗಾಲದ ರಸ್ತೆಗೆ ಉಪ್ಪು ಸುರಿಯುವ ನಮ್ಮ ಊರಿನಲ್ಲಿ ಕಬ್ಬಿಣದೊಳಗೆ ಕಬ್ಬಿಣವಾಗಿ ಬೆಸೆದುಕೊಂಡಿತ್ತು. ಒಂಬತ್ತು ದಿನ ಎಣ್ಣೆ ಬಿಟ್ಟೆ, ಗ್ಯಾಸ್ ಉರಿಯಲ್ಲಿ ಕಾಯಿಸಿದೆ. ತಾಳ್ಮೆಗೆಟ್ಟು ಸುತ್ತಿಗೆಯಲ್ಲಿ ಹೊಡೆದಾಗ ಪಿನ್ನಿನ ತುದಿ ಚಪ್ಪಟೆಯಾಗಿ ಅಗಲಿಸಿಕೊಂಡಿತು. ಅಲ್ಲಿಂದ ಮುಂದೆ ಪಿನ್ ಎಳೆಯುವ ಪುಲ್ಲರ್ ಕಚ್ಚಲು ಎಳೆಗಳೇ ಉಳಿಯಲಿಲ್ಲ. ಕೊನೆಗೆ ಆರ್ಮ್‌ಗೂ ಸ್ಟ್ರಟ್ಟಿಗೂ ನಡುವಿನ ಸಂದಿಯಲ್ಲಿ ಗರಗಸ ತೂರಿಸಿ ಎರಡೂ ಬದಿ ಕೊಯ್ದು, ಒಳಗೆ ಉಳಿದ ತುಂಡುಗಳನ್ನು ಮಷೀನ್ ಶಾಪಿನವರಿಂದ ಪ್ರೆಸ್‌ನಲ್ಲಿ ತೆಗೆಸಿದೆ.

ಲೆಕ್ಕ ಬರೆದಿಟ್ಟಿದ್ದೇನೆ. ಪುಲ್ಲರ್‌ಗೆ 95 ಡಾಲರ್, ಎಣ್ಣೆ ಮತ್ತು ಗ್ಯಾಸಿಗೆ 64, ಹನ್ನೊಂದು ಗರಗಸದ ಬ್ಲೇಡುಗಳಿಗೆ 58, ಪ್ರೆಸ್ ಕೆಲಸಕ್ಕೆ 160, ಹೊಸ ಪಿನ್ನುಗಳಿಗೂ ಲಾಕ್ ಬೋಲ್ಟುಗಳಿಗೂ 210, ಬುಷ್‌ಗಳಿಗೆ 155. ಪರ್ಚ್ ಮುಟ್ಟುವ ಮೊದಲೇ 742 ಡಾಲರ್ ಹೋಗಿತ್ತು. ಸ್ಟ್ರಟ್ಟಿನ ಹೊರಗೆ ಕೂರುವ ಸ್ಲೀವ್, ಸ್ಪ್ರಿಂಗ್, ಸ್ಟ್ರಟ್ಟಿನೊಳಗಿನ ಡ್ಯಾಂಪರ್ ಕಾರ್ಟ್ರಿಜ್ ಸೇರಿ 1,180, ವೆಲ್ಡಿಂಗಿಗೆ 240. ಇಂದು ನನ್ನ ಗಾಡಿಯ ಹಿಂಭಾಗ ನೋಡಿದಾಗ ಅಷ್ಟಕ್ಕೂ ಬೆಲೆ ಬಂದಿದೆ ಎಂದೇ ನನ್ನ ಭಾವನೆ.

ಸ್ಯಾನ್ ಹೋಸೆಯಿಂದ:
ನಾನೂ ಇದೇ ತಪ್ಪು ಅಳತೆಯ ಚಕ್ರಗಳನ್ನು ಕೊಂಡವನು. 310 ಡಾಲರ್ ನಷ್ಟಕ್ಕೆ ಅವನ್ನು ಮಾರಿ, 15×7 ಅಳತೆಯ ಸೊನ್ನೆ ಆಫ್‌ಸೆಟ್ಟಿನ ಚಕ್ರಗಳನ್ನು ತಂದೆ. 205/60 ಟೈರು ಹಾಕಿದ್ದೇನೆ. ಮೂಲದ ಸ್ಪ್ರಿಂಗು, ಮೂಲದ ಪರ್ಚ್, ಎಲ್ಲಿಯೂ ಉಜ್ಜುವುದಿಲ್ಲ. ಎಂಟು ಇಂಚಿನ ಚಕ್ರ ಪ್ಲಸ್ 10ರಲ್ಲಿ ಹಬ್‌ನಿಂದ ಒಳಕ್ಕೆ ಸುಮಾರು 124 ಮಿ.ಮೀ. ಚಾಚುತ್ತದೆ, ನನ್ನದು ಸುಮಾರು 102. ಈ 22 ಮಿ.ಮೀ.ಗಾಗಿ 1972ರ ಸ್ಟ್ರಟ್ಟಿಗೆ ಗ್ರೈಂಡರ್ ಇಡುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಚಕ್ರವನ್ನು ನಾಳೆ ಮಾರಬಹುದು, ಕತ್ತರಿಸಿದ ಪರ್ಚನ್ನು ಮರಳಿ ಅಂಟಿಸಲಾಗದು.

ಇನ್ನೊಂದು ವಿಷಯ. ಶಿಕಾಗೊದವರು ಆ ಪಿನ್ನನ್ನು ತೆಗೆಯಲೇಬೇಕಾಗಿರಲಿಲ್ಲ. ಆರ್ಮ್‌ನ ಒಳತುದಿಯನ್ನು ಬಿಚ್ಚಿದರೆ ಸ್ಟ್ರಟ್ಟೂ ಆರ್ಮೂ ಜೊತೆಯಾಗಿಯೇ ಕೆಳಗಿಳಿಯುತ್ತವೆ. 742 ಡಾಲರ್ ಖರ್ಚಾದದ್ದು ಅವಸರದಿಂದ.

ಶಿಕಾಗೊದಿಂದ:
ಅವಸರ ಎಂಬ ಮಾತನ್ನು ಹಿಂತೆಗೆದುಕೊಳ್ಳಿ ಸ್ವಾಮಿ. ನನ್ನ ಬುಷ್‌ಗಳ ರಬ್ಬರ್ ಪುಡಿಯಾಗಿತ್ತು. ಪಿನ್ ತೆಗೆಯದೆ ಬುಷ್ ಬದಲಿಸುವ ವಿದ್ಯೆ ತಮಗೆ ಗೊತ್ತಿದ್ದರೆ ತಿಳಿಸಿ. ಅಲ್ಲದೆ, ಆರ್ಮ್ ತೂಗಾಡುತ್ತಿರುವ ಸ್ಟ್ರಟ್ಟನ್ನು ನೇರವಾಗಿ ಹಿಡಿದು ವೆಲ್ಡ್ ಮಾಡಲು ನಮ್ಮ ವೆಲ್ಡರ್ ಒಪ್ಪಲಿಲ್ಲ. ತುಕ್ಕು ಕಾಣದ ಕ್ಯಾಲಿಫೋರ್ನಿಯಾದಲ್ಲಿ ಕುಳಿತು ಉಪದೇಶ ಮಾಡುವುದು ಸುಲಭ.

ಆಸ್ಟಿನ್‌ನಿಂದ:
ನಾನು ಸ್ಪೇಸರ್‌ನಿಂದ ಆರಂಭಿಸಿ, ಎಲ್ಲ ಬಾಗಿಲುಗಳನ್ನೂ ತಟ್ಟಿ, ಕೊನೆಗೆ ಕಾಯಿಲೋವರಿಗೆ ಬಂದೆ. ಮೊದಲು 20 ಮಿ.ಮೀ. ಸ್ಪೇಸರ್ ಹಾಕಿದೆ, ಚಕ್ರ ಬಿಗಿಯುವ ಮೂಲದ ಸ್ಟಡ್ ಅದಕ್ಕೆ ಸಾಲದ ಕಾರಣ ಉದ್ದನೆಯ 12×1.25 ಸ್ಟಡ್‌ಗಳನ್ನು ಕೂರಿಸಬೇಕಾಯಿತು. ಒಳಗೆ ಜಾಗ ಸಿಕ್ಕಿತು, ಆದರೆ ಅಷ್ಟೇ ಜಾಗ ಹೊರಗೆ ಹೋಯಿತು. ಒಬ್ಬನೇ ಹೋದಾಗಲೂ ಪ್ರತಿ ಉಬ್ಬಿನಲ್ಲಿ ಫೆಂಡರಿನ ಅಂಚು ಟೈರನ್ನು ಕೆರೆಯುತ್ತಿತ್ತು. ಅಂಚನ್ನು ಮಡಚಿಸಿದಾಗ ಬಣ್ಣ ಬಿರುಕುಬಿಟ್ಟಿತು. ಎರಡೂ ಬದಿ ಬಣ್ಣಕ್ಕೆ 900 ಡಾಲರ್.

ಆಮೇಲೆ ಪರ್ಚ್ ಕತ್ತರಿಸಿದೆವು. ವೆಲ್ಡಿಂಗ್ ಅಂಗಡಿಯವರು ಸ್ಲೀವ್ ಕೂರುವ ಉಂಗುರವನ್ನು ನಿಲ್ಲಿಸದೆ ಒಂದೇ ಸುತ್ತಿನಲ್ಲಿ ಬೆಸೆದರು. ಆ ಬಿಸಿಗೆ ಟ್ಯೂಬು ಒಳಗೆ ಓರೆಯಾಗಿ, ಹೊಸ ಕಾರ್ಟ್ರಿಜ್ ಅರ್ಧಕ್ಕೆ ಹೋಗಿ ಸಿಕ್ಕಿಕೊಂಡಿತು. ಡ್ರಿಲ್ಲಿಗೆ ಉಜ್ಜುಚಕ್ರ ಸಿಕ್ಕಿಸಿ ಎರಡು ಗಂಟೆ ಒಳಮೈ ತೇಯಬೇಕಾಯಿತು. ಆದ್ದರಿಂದ ಬೆಸುಗೆ ಹಾಕಿಸುವವರು ಎದುರುಬದುರಾಗಿ ಚಿಕ್ಕ ಚಿಕ್ಕ ಚುಕ್ಕೆಗಳಲ್ಲಿ, ನಡುನಡುವೆ ಆರಲು ಬಿಟ್ಟು ಹಾಕಿಸಬೇಕೆಂದು ಕೈಮುಗಿದು ಕೇಳುತ್ತೇನೆ. ಎರಡನೆಯ ತಪ್ಪು ಪೂರ್ತಿ ನನ್ನದೇ. ಟ್ಯೂಬನ್ನು ಗಿಡ್ಡ ಮಾಡಿಸದೆಯೇ ಗಾಡಿಯನ್ನು ಎರಡು ಇಂಚು ಇಳಿಸಿದೆ. ಡ್ಯಾಂಪರಿಗೆ ಓಡಾಡಲು ಜಾಗವಿಲ್ಲದೆ ಗುಂಡಿ ಬಂದಾಗಲೆಲ್ಲ ಬೆನ್ನಿಗೆ ಗುದ್ದಿದಂತಾಗುತ್ತಿತ್ತು. ಸ್ಟ್ರಟ್ ಮತ್ತೆ ಬಿಚ್ಚಿ, ಟ್ಯೂಬು ಕತ್ತರಿಸಿ, ಗಿಡ್ಡ ಕಾರ್ಟ್ರಿಜ್ ಹಾಕಿಸಲು ಇನ್ನೂ 620 ಡಾಲರ್.

ಸ್ಯಾಕ್ರಮೆಂಟೊದಿಂದ:
ಇಷ್ಟೆಲ್ಲ ಏಕೆ? ಉದ್ದ ಬದಲಿಸಬಹುದಾದ ಕಂಟ್ರೋಲ್ ಆರ್ಮ್ ಹಾಕಿ ಕ್ಯಾಂಬರ್, ಅಂದರೆ ಚಕ್ರದ ವಾಲು, ಹೊಂದಿಸಿದರೆ ಟೈರು ಪರ್ಚ್‌ನಿಂದ ದೂರ ಸರಿಯುವುದಿಲ್ಲವೇ?

ಆಸ್ಟಿನ್‌ನಿಂದ:
ಸರಿಯುವುದಿಲ್ಲ. ಈ ಗಾಡಿಯ ಹಿಂದೆ ಇರುವುದು ಚಾಪ್‌ಮನ್ ಸ್ಟ್ರಟ್. ಹಬ್ ಕೂತಿರುವ ಭಾಗವೂ ಸ್ಟ್ರಟ್ ಟ್ಯೂಬೂ ಒಂದೇ ತುಂಡು. ಆರ್ಮನ್ನು ಎಷ್ಟೇ ಎಳೆದರೂ ಚಕ್ರ ಮತ್ತು ಸ್ಟ್ರಟ್ ಜೊತೆಯಾಗಿಯೇ ವಾಲುತ್ತವೆ. ಅವುಗಳ ನಡುವಿನ ಅಂತರ ಕೂದಲೆಳೆಯಷ್ಟೂ ಬದಲಾಗದು. ಬದಲಾಗುವುದು ಫೆಂಡರಿನ ಕಡೆಯ ಅಂತರ ಮಾತ್ರ. ನಾನು 480 ಡಾಲರಿನ ಆರ್ಮ್ ಕೊಂಡದ್ದು ಗಾಡಿ ತಗ್ಗಿದಾಗ ಟೈರಿನ ಒಳ ಅಂಚು 7,000 ಮೈಲಿಗೆ ಸವೆದುಹೋಯಿತೆಂಬ ಕಾರಣಕ್ಕೆ.

ರಾಲಿಯಿಂದ:
ಸ್ಪಿಂಡಲ್ ಪಿನ್ನಿಗೆ ನೂರಾರು ಡಾಲರ್ ಕೊಡುವವರನ್ನು ನೋಡಿ ಬೇಸರವಾಗುತ್ತದೆ. ಬೆಂಗಳೂರಿಗೆ ಹೋಗಿದ್ದಾಗ ಪೀಣ್ಯದ ಲೇತ್ ಅಂಗಡಿಯೊಂದರಲ್ಲಿ ನಾನು ನನ್ನ ಹಳೆಯ ಪಿನ್ನನ್ನೇ ಮಾದರಿಗೆ ಕೊಟ್ಟು, ಈಎನ್24 ಉಕ್ಕಿನಲ್ಲಿ ಎರಡು ಮಾಡಿಸಿಕೊಂಡೆ. ನಡುವಿನ ಲಾಕ್ ಬೋಲ್ಟಿನ ಕಚ್ಚನ್ನೂ ಅಚ್ಚುಕಟ್ಟಾಗಿ ತೆಗೆದುಕೊಟ್ಟರು. ಎರಡಕ್ಕೂ ಸೇರಿ 2,400 ರೂಪಾಯಿ. ನಾಲ್ಕು ವರ್ಷದಿಂದ ಓಡುತ್ತಿವೆ.

ಸ್ಯಾನ್ ಹೋಸೆಯಿಂದ:
ಆ ಪಿನ್ ಮುರಿದರೆ ಹಿಂದಿನ ಚಕ್ರ ದಿಕ್ಕು ತಪ್ಪುತ್ತದೆ. ಉಕ್ಕು ಒಳ್ಳೆಯದೇ ಇರಬಹುದು; ಅದನ್ನು ಸರಿಯಾಗಿ ಹದ ಮಾಡಿದ್ದಾರೆಯೇ ಎಂದು ಗಡಸುತನ ಅಳೆಸಿದ್ದೀರಾ? ಅಳೆಸದಿದ್ದರೆ ಇದನ್ನು ಇತರರಿಗೆ ಸಲಹೆಯಾಗಿ ಕೊಡಬೇಡಿ.

ರಾಲಿಯಿಂದ:
ಅಳೆಸಿಯೇ ಹಾಕಿದ್ದೇನೆ. ಅದೇ ಅಂಗಡಿಯ ಪಕ್ಕದಲ್ಲೇ ಹೀಟ್ ಟ್ರೀಟ್‌ಮೆಂಟ್ ಮಾಡುವವರಿದ್ದರು. ಅವರು ಕೊಟ್ಟ ಚೀಟಿ ಇಂದಿಗೂ ನನ್ನ ಫೈಲಿನಲ್ಲಿದೆ. ಪೀಣ್ಯದ ಕೆಲಸಗಾರರ ಕೈಯನ್ನು ಅರಿಯದೆ ಅನುಮಾನಿಸಬೇಡಿ. ಪರ್ಚನ್ನೇ ಮುಟ್ಟದವರು ಪಿನ್ನಿನ ಬಗ್ಗೆ ತೀರ್ಪು ಕೊಡುವುದು ನ್ಯಾಯವಲ್ಲ.

ಸ್ಯಾನ್ ಹೋಸೆಯಿಂದ:
ಚೀಟಿ ಇದ್ದರೆ ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಪರ್ಚಿನ ಬಗ್ಗೆ ಹೇಳಿದ್ದನ್ನು ಹಿಂತೆಗೆಯುವುದಿಲ್ಲ.

ಫ್ರೀಮಾಂಟ್‌ನಿಂದ, ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ಶನಿವಾರ ಗಾಡಿಯನ್ನು ಸ್ಟ್ಯಾಂಡಿನ ಮೇಲೇರಿಸಿದೆ. ನನ್ನ ಬುಷ್‌ಗಳೂ ಬಿರುಕುಬಿಟ್ಟಿವೆ, ಆದ್ದರಿಂದ ಪಿನ್ ತೆಗೆಯದೆ ವಿಧಿಯಿಲ್ಲ. ಬಲಗಡೆಯದು ಪುಲ್ಲರಿಗೆ ಹತ್ತೇ ನಿಮಿಷದಲ್ಲಿ ಬಂತು. ಎಡಗಡೆಯದು ಅಲುಗಲಿಲ್ಲ, ಎಣ್ಣೆ ಬಿಟ್ಟು ಬಂದಿದ್ದೇನೆ, ಸುತ್ತಿಗೆ ಮುಟ್ಟಿಲ್ಲ.