‘ಅನಿಶ್ಚಿತತೆ’, ‘ಅನಿರ್ದಿಷ್ಟತೆ’: ಹೈಸೆನ್‌ಬರ್ಗ್ ತತ್ತ್ವಕ್ಕೆ ಯಾವುದು ಒಪ್ಪುತ್ತದೆ?

ಮಾನ್ಯರೇ,

ಕ್ವಾಂಟಂ ಭೌತವಿಜ್ಞಾನದ ಭಿನ್ನ ವ್ಯಾಖ್ಯಾನಗಳನ್ನು ಕುರಿತು ಲೇಖನವೊಂದನ್ನು ಬರೆಯುತ್ತಿದ್ದು, ಒಂದು ಪದದ ವಿಷಯದಲ್ಲಿ ತಮ್ಮ ಅಭಿಪ್ರಾಯ ಬೇಕಾಗಿದೆ. ಜರ್ಮನ್ ಭೌತವಿಜ್ಞಾನಿ ಹೈಸೆನ್‌ಬರ್ಗ್ 1927ರಲ್ಲಿ ಮಂಡಿಸಿದ ತತ್ತ್ವವನ್ನು ಕನ್ನಡದಲ್ಲಿ ‘ಅನಿಶ್ಚಿತತಾ ತತ್ತ್ವ’ ಎನ್ನುವುದು ರೂಢಿ. ‘ಕಣದ ಸ್ಥಾನ, ಸಂವೇಗಗಳೆರಡನ್ನೂ ಏಕಕಾಲದಲ್ಲಿ ನಿಖರವಾಗಿ ತಿಳಿಯಲಾಗದು’ ಎಂಬ ವಿವರಣೆ ಅದರ ಬೆನ್ನಿಗೇ ಬರುತ್ತದೆ (ಸಂವೇಗವೆಂದರೆ ದ್ರವ್ಯರಾಶಿ, ವೇಗಗಳ ಗುಣಲಬ್ಧ). ‘ತಿಳಿಯಲಾಗದು’ ಎಂದೊಡನೆ, ಎರಡಕ್ಕೂ ನಿಖರವಾದ ಬೆಲೆ ಇದ್ದೇ ಇದೆ, ಅದು ನಮಗೆ ಎಟುಕುತ್ತಿಲ್ಲ ಅಷ್ಟೇ ಎಂದು ಓದುಗರು ಅರ್ಥಮಾಡಿಕೊಳ್ಳುತ್ತಾರೆ. ವಿವಾದವಿರುವುದೇ ಅಲ್ಲಿ.

ಭೌತವಿಜ್ಞಾನಿ ನೀಲ್ಸ್ ಬೋರ್ ಅವರ ನಿಲುವಿನಂತೆ, ಸ್ಥಾನವನ್ನು ಅಳೆಯುವ ಏರ್ಪಾಡಿನಲ್ಲಿ ಸಂವೇಗವೆಂಬ ಮಾತಿಗೇ ಖಚಿತಾರ್ಥವಿರುವುದಿಲ್ಲ. ಮತ್ತೊಬ್ಬ ಭೌತವಿಜ್ಞಾನಿ ಡೇವಿಡ್ ಬೋಮ್ 1952ರಲ್ಲಿ ಪ್ರಕಟಿಸಿದ ಸಿದ್ಧಾಂತದಲ್ಲಾದರೋ ಕಣಕ್ಕೆ ಪ್ರತಿಕ್ಷಣವೂ ಖಚಿತ ಸ್ಥಾನವಿದ್ದು, ಅಲೆಯೊಂದು ಅದನ್ನು ನಡೆಸುತ್ತದೆ; ಕೊರತೆಯಿರುವುದು ನಮ್ಮ ಅರಿವಿನಲ್ಲಿ. ಇಲೆಕ್ಟ್ರಾನುಗಳನ್ನು ಎರಡು ಸೀಳುಗಳ ಮೂಲಕ ಹಾಯಿಸಿದರೆ ತೆರೆಯ ಮೇಲೆ ಮೂಡುವ ಪಟ್ಟೆಗಳ ವಿಷಯದಲ್ಲಿ ಇಬ್ಬರ ಲೆಕ್ಕವೂ ಒಂದೇ. ಹೀಗಿರುವಾಗ, ಪ್ರಯೋಗ ತೀರ್ಮಾನಿಸದ ಪ್ರಶ್ನೆಯನ್ನು ಪಾರಿಭಾಷಿಕ ಪದವೇ ತೀರ್ಮಾನಿಸಿಬಿಡುವುದು ಸರಿಯಲ್ಲವೆಂದು ನನಗೆ ದೃಢವಾಗಿ ಅನ್ನಿಸುತ್ತದೆ.

ಹೈಸೆನ್‌ಬರ್ಗ್ ಅವರ ಮೂಲ ಜರ್ಮನ್ ಪ್ರಬಂಧದಲ್ಲಿ ಪ್ರಧಾನವಾಗಿ ಕಾಣುವುದು ‘ಉನ್‌ಗೆನಾಯಿಗ್‌ಕೈಟ್’, ಅಂದರೆ ನಿಖರತೆಯ ಕೊರತೆ, ಮತ್ತು ‘ಉನ್‌ಬೆಷ್ಟಿಮ್ಟ್‌ಹೈಟ್’, ಅಂದರೆ ನಿರ್ಧಾರಗೊಳ್ಳದಿರುವಿಕೆ. ನಮ್ಮ ‘ಅನಿಶ್ಚಿತತೆ’ ಬಂದಿರುವುದು ಇಂಗ್ಲಿಷಿನಲ್ಲಿ ನೆಲೆಯೂರಿದ ‘ಅನ್‌ಸರ್ಟನ್ಟಿ’ ಎಂಬ ಹೆಸರಿನಿಂದ.

ಆದರೂ ‘ಅನಿಶ್ಚಿತತೆ’ಯನ್ನು ಕೈಬಿಡಲು ನನಗೆ ಮನಸ್ಸಿಲ್ಲ. ‘ಅವರು ಬರುವರೆಂಬ ನಿಶ್ಚಯ ನನಗಿಲ್ಲ’ ಎಂದಾಗ ಸಂದೇಹ ನನ್ನದು. ‘ಮದುವೆಯ ದಿನ ಇನ್ನೂ ನಿಶ್ಚಯವಾಗಿಲ್ಲ’ ಎಂದಾಗ ಯಾರ ಅರಿವಿನ ಮಾತೂ ಅಲ್ಲ, ಆ ದಿನವೇ ಇನ್ನೂ ನಿಗದಿಯಾಗಿಲ್ಲ. ಕನ್ನಡದ ‘ನಿಶ್ಚಯ’ ಎರಡನ್ನೂ ಹೊರುತ್ತದೆ. ತತ್ತ್ವದ ಹೆಸರಿಗೆ ಬೇಕಾದದ್ದು ಇಂಥ ಪದವೇ. ತಕರಾರಿರುವುದು ‘ತಿಳಿಯಲಾಗದು’ ಎಂಬ ವಿವರಣೆಯ ಬಗ್ಗೆ. ಬೋರ್ ಅವರ ನಿಲುವನ್ನಷ್ಟೇ ಹೇಳುವಲ್ಲಿ ‘ಅನಿರ್ದಿಷ್ಟತೆ’ಯನ್ನು ಬಳಸಬಹುದೆಂದುಕೊಂಡಿದ್ದೇನೆ. ಆದರೆ ‘ಅನಿರ್ದಿಷ್ಟಾವಧಿ ಮುಷ್ಕರ’ವೆಂದು ದಿನವೂ ಓದುವವರಿಗೆ ಅದು ‘ಕೊನೆ ಗೊತ್ತಿಲ್ಲದ್ದು’ ಎಂಬ ಬೇರೆಯದೇ ಛಾಯೆಯನ್ನು ಕೊಟ್ಟೀತೇ? ‘ಅನಿರ್ಧಾರ್ಯತೆ’ ಎಂದರೆ ‘ನಿರ್ಧರಿಸಲಾಗದ್ದು’ ಎಂದಾಗಿ, ಮತ್ತೆ ನಮ್ಮ ಅಸಾಮರ್ಥ್ಯದತ್ತಲೇ ವಾಲುತ್ತದೆ.

ಇನ್ನೊಂದು ಪ್ರಶ್ನೆ. ಒಂದೇ ಬಗೆಯಲ್ಲಿ ಸಿದ್ಧಪಡಿಸಿದ ಅನೇಕ ಕಣಗಳಲ್ಲಿ ಕೆಲವುಗಳ ಸ್ಥಾನವನ್ನೂ ಉಳಿದವುಗಳ ಸಂವೇಗವನ್ನೂ ಅಳೆದರೆ, ಆ ಎರಡು ಫಲಿತಾಂಶಗಳ ಹರವುಗಳ ಗುಣಲಬ್ಧವು, ಕ್ವಾಂಟಂ ಭೌತವಿಜ್ಞಾನದ ಮೂಲ ಸಂಖ್ಯೆಯಾದ ಪ್ಲಾಂಕ್ ಸ್ಥಿರಾಂಕವನ್ನು 4 ಪೈನಿಂದ ಭಾಗಿಸಿ ಬರುವ ಬೆಲೆಗಿಂತ ಕಡಿಮೆಯಾಗದು ಎಂಬುದೇ ಈ ತತ್ತ್ವಕ್ಕೆ ಭೌತವಿಜ್ಞಾನಿ ಕೆನಾರ್ಡ್ 1927ರಲ್ಲೇ ಸಾಧಿಸಿದ ಗಣಿತರೂಪ. ಇಲ್ಲಿ ಯಾವ ವ್ಯಾಖ್ಯಾನದ ಸೋಂಕೂ ಇಲ್ಲ. ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದನ್ನು ಸೂಚಿಸುವ ಸಂಖ್ಯಾಶಾಸ್ತ್ರದ ‘ಮಾನಕ ವಿಚಲನೆ’ಯ ಬದಲು ಸಾಮಾನ್ಯ ಓದುಗರಿಗಾಗಿ ಹೀಗೆ ‘ಹರವು’ ಎಂದು ಬರೆಯುವುದಕ್ಕೆ ಆಕ್ಷೇಪವಿದ್ದರೆ ಕಾರಣಸಹಿತ ತಿಳಿಸಬೇಕೆಂದು ಕೋರುತ್ತೇನೆ.