ಕೇಡು ಮಾಡದ ವಂಶವಾಹಿ ಬದಲಾವಣೆಗೆ ಪದ: ‘ರೂಪಾಂತರಿ’ಯೋ ‘ರೂಪಭೇದ’ವೋ?

ಮಾನ್ಯರೇ,

ನಾಯಿಗಳ ದೇಹದಲ್ಲಿ ತಾಮ್ರದ ಪ್ರಮಾಣ ಹೇಗೆ ಹತೋಟಿಯಲ್ಲಿರುತ್ತದೆ ಎಂಬ ಲೇಖನವೊಂದನ್ನು ಬರೆಯುವಾಗ ತೊಡಕಾದ ಎರಡು ಪದಗಳ ಬಗ್ಗೆ, ಅಂದರೆ ಇಂಗ್ಲಿಷಿನ ‘ವೇರಿಯಂಟ್’ ಮತ್ತು ‘ಕ್ಯಾರಿಯರ್’ಗಳಿಗೆ ಕನ್ನಡದಲ್ಲಿ ಏನೆನ್ನಬೇಕೆಂಬುದರ ಬಗ್ಗೆ, ಬಲ್ಲವರ ಅಭಿಪ್ರಾಯ ಕೋರುತ್ತೇನೆ.

ಆಹಾರದಲ್ಲಿನ ತಾಮ್ರವನ್ನು ಕರುಳಿನ ಕೋಶಗಳಿಂದ ರಕ್ತದತ್ತ ದಾಟಿಸುವುದು ಎಟಿಪಿ7ಎ ಎಂಬ ಪ್ರೋಟೀನು. ಯಕೃತ್ತಿನಲ್ಲಿ ಹೆಚ್ಚಾದುದನ್ನು ಪಿತ್ತರಸಕ್ಕೆ ಸೇರಿಸಿ ಹೊರಹಾಕುವುದು ಎಟಿಪಿ7ಬಿ. ಲ್ಯಾಬ್ರಡಾರ್ ತಳಿಯಲ್ಲಿ ಎರಡನೆಯದರ ವಂಶವಾಹಿಯಲ್ಲಿ ಕಂಡುಬರುವ ಒಂದು ಬದಲಾವಣೆಯಿಂದ ಯಕೃತ್ತಿನಲ್ಲಿ ತಾಮ್ರ ಶೇಖರವಾಗುತ್ತದೆ. ಮೊದಲನೆಯದರಲ್ಲಿನ ಬದಲಾವಣೆಯಾದರೋ, ಪ್ರೋಟೀನಿನ 327ನೆಯ ಸ್ಥಾನದಲ್ಲಿ ಥ್ರಿಯೊನೀನ್ ಎಂಬ ಅಮೈನೋ ಆಮ್ಲ ಇರಬೇಕಾದ ಕಡೆ ಐಸೊಲ್ಯೂಸೀನ್ ಎಂಬ ಇನ್ನೊಂದು ಬಂದಿರುವುದಷ್ಟೆ, ನಾಯಿಗೆ ಕೇಡು ಮಾಡುವುದಿರಲಿ, ಆ ಶೇಖರಣೆಯನ್ನೇ ತಗ್ಗಿಸುತ್ತದೆ ಎಂದು 2016ರಲ್ಲಿ ವರದಿಯಾಯಿತು.

ಇಂಥದ್ದನ್ನು ‘ವಂಶವಾಹಿ ದೋಷ’ ಎನ್ನಲಾಗದು; ಆ ಮಾತು ಬೆಡ್ಲಿಂಗ್‌ಟನ್ ಟೆರಿಯರ್ ತಳಿಗೆ ಒಪ್ಪುತ್ತದೆ, ಏಕೆಂದರೆ ಅಲ್ಲಿ ಕಾಮ್‌ಡಿ1 ಎಂಬ ವಂಶವಾಹಿಯ ಒಂದು ತುಣುಕೇ ಕಳಚಿಹೋಗಿ ಯಕೃತ್ತು ಹಾಳಾಗುತ್ತದೆ. ‘ಉತ್ಪರಿವರ್ತನೆ’ (ಮ್ಯುಟೇಶನ್) ಪಠ್ಯಪುಸ್ತಕಗಳಲ್ಲಿ ನೆಲೆಯೂರಿದ ಪದವೇನೋ ಹೌದು, ಆದರೆ ಅದು ಬದಲಾಗುವ ಕ್ರಿಯೆಯನ್ನು ಹೇಳುತ್ತದೆಯೇ ಹೊರತು ತಲೆಮಾರುಗಳಿಂದ ಹರಿದು ಬಂದ ರೂಪವನ್ನಲ್ಲ. ‘ರೂಪಾಂತರಿ’ ಎಂದರೆ ಕೋವಿಡ್ ಕಾಲದ ಪತ್ರಿಕೆಗಳ ದೆಸೆಯಿಂದ ಓದುಗರಿಗೆ ವೈರಸ್ಸೇ ನೆನಪಾಗುತ್ತದೆ. ನನ್ನ ಒಲವು ‘ರೂಪಭೇದ’ದ ಕಡೆಗಿದೆ; ಜೀವಶಾಸ್ತ್ರದಲ್ಲಿ ಈಗಾಗಲೇ ಬಳಕೆಯಲ್ಲಿರುವ ‘ಪ್ರಭೇದ’ದೊಡನೆ ಗೊಂದಲವಾದೀತೆಂಬ ಅಳುಕು ಮಾತ್ರ ಉಳಿದಿದೆ.

ಎರಡನೆಯ ಪದ ‘ವಾಹಕ’ (ಕ್ಯಾರಿಯರ್). ಬೆಡ್ಲಿಂಗ್‌ಟನ್ ತಳಿಯಲ್ಲಿ ತಂದೆತಾಯಿಗಳಿಬ್ಬರಿಂದಲೂ ವಂಶವಾಹಿಯ ದೋಷವುಳ್ಳ ಪ್ರತಿ ಬಂದರಷ್ಟೇ ರೋಗ. ಅಂಥ ಒಂದೇ ಪ್ರತಿಯಿರುವ ನಾಯಿ ಆರೋಗ್ಯವಾಗಿಯೇ ಇದ್ದು, ಅದನ್ನು ಮರಿಗಳಿಗೆ ದಾಟಿಸಬಲ್ಲದು. ‘ಈ ಹೆಣ್ಣುನಾಯಿ ತಾಮ್ರವಿಷತೆಯ ವಾಹಕ’ ಎಂದು ಬರೆದರೆ, ಸೊಳ್ಳೆಯನ್ನು ರೋಗವಾಹಕ ಎಂದು ಓದಿ ರೂಢಿಯಾದವರು ಅದು ಸೋಂಕು ಹರಡುತ್ತದೆಂದೇ ತಿಳಿಯಬಹುದು. ಎಟಿಪಿ7ಎ ವಿಷಯದಲ್ಲಂತೂ ಈ ಪದ ಇನ್ನೂ ಸಡಿಲ: ಆ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನ ಮೇಲಾದ್ದರಿಂದ ಗಂಡುನಾಯಿಗೆ ಇರುವುದೇ ಒಂದು ಪ್ರತಿ. ‘ಒಂದು ಪ್ರತಿ ಪಡೆದ ನಾಯಿ’ ಎಂದು ಬಿಡಿಸಿ ಬರೆಯುವುದೇ ಸದ್ಯಕ್ಕೆ ನನಗೆ ಸರಿಯೆನಿಸಿದೆಯಾದರೂ ಕೋಷ್ಟಕದ ಕಿರಿದಾದ ಅಂಕಣದಲ್ಲಿ ಅದು ಹಿಡಿಸುವುದಿಲ್ಲ. ಪಶುವೈದ್ಯಕೀಯದಲ್ಲಿ ಬಳಕೆಯಲ್ಲಿರುವ ಚಿಕ್ಕ ಪದವಿದ್ದರೆ ದಯವಿಟ್ಟು ತಿಳಿಸಿ.